ಸಲಿಕೆಯ ಏಟು

ವಿಸ್ಕಾನ್ಸಿನ್ನಿನ ಆ ಸಣ್ಣ ಆಸ್ಪತ್ರೆಯಲ್ಲಿ ಉಳುಕಿದ ಮಣಿಕಟ್ಟು ತೋರಿಸಲು ಕಾದಿದ್ದ ಮಾರ್ಲಿಸ್‌ಗೆ, ಎದುರು ಬೆಂಚಿನ ಅಣ್ಣತಮ್ಮಂದಿರ ಜಗಳಕ್ಕೆ ಕಿವಿ ಮುಚ್ಚಿಕೊಳ್ಳಲು ಇದ್ದದ್ದು ಒಂದೇ ಕೈ. ತಮ್ಮ ವರ್ಲಿನ್‌ನ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು, ತುಟಿ ಒಡೆದಿತ್ತು. ಇಬ್ಬರ ಮೈಯಿಂದಲೂ ಹಳಸಲು ನಾತ.

"ಸಲಿಕೆಲಿ ಹೊಡೆದ್ಯಲ್ಲೋ ಗಾರ್ತ್, ರಾಕ್ಷಸ! ಕಾಲೇ ಮುರೀತು."

"ಇನ್ನೊಂದನ್ನೂ ಮುರೀಬೇಕಿತ್ತು."

"ಗುಂಡಿಗೆ ಬಿದ್ದಿದ್ದು ನನ್ನ ನಾಯಿ ಕಣೋ!"

"ಬಿದ್ದ ತಕ್ಷಣವೇ ಅದರ ಕಥೆ ಮುಗೀತು."

"ಏಣಿ ಇಳಿಸಿದ್ದೆ. ಎತ್ಕೊಂಡು ಬಂದುಬಿಡ್ತಿದ್ದೆ."

"ಊರಿನ ಹೋಟೆಲ್ ಮುಸುರೆಯೆಲ್ಲ ಅಲ್ಲೇ ಕೊಳೀತಿದೆ. ಆ ಗ್ಯಾಸಿಂದ ಕೊಟ್ಟಿಗೆಗೆ ಕರೆಂಟು, ಬಗ್ಗಡದಿಂದ ಜೋಳಕ್ಕೆ ಗೊಬ್ಬರ, ಎಲ್ಲ ಸರಿ. ಉಸಿರಿಗೆ ತಗೊಂಡ್ರೆ ಹೆಣ."

"ಅದಕ್ಕೆ ಮುಖಕ್ಕೂ ಬಾರಿಸ್ಬೇಕಿತ್ತಾ?"

"ಕಾಲು ಮುರಿದ್ರೂ ಏಣಿ ಕಡೆಗೇ ತೆವಳ್ತಿದ್ದೆ. ಮುದ್ದು ಮಾಡ್ಬೇಕಿತ್ತಾ?"

ವರ್ಲಿನ್ ಕೂತಲ್ಲಿಂದಲೇ ವಾಲಿ ಅಣ್ಣನ ಕೊರಳಪಟ್ಟಿ ಹಿಡಿದ. "ಕೊಂದುಹಾಕ್ತೀನಿ ನಿನ್ನ!"

"ಕೊಲ್ಲು. ಸಗಣಿ ಗುಂಡಿಗೆ ಬಿದ್ದ ಅಪ್ಪನ್ನ ಎತ್ತೋಕೆ ಚಿಕ್ಕಪ್ಪ ಇಳಿದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಇಬ್ಬರೂ ಮೇಲೆ ಬರ್ಲಿಲ್ಲ. ಅವತ್ತು ಸಲಿಕೆ ನನಗಿಂತ ಎತ್ತರ ಇತ್ತು ಕಣೋ."

ಕೊರಳಪಟ್ಟಿ ಮೇಲಿನ ಹಿಡಿತ ಸಡಿಲವಾಯಿತು.

ಅಷ್ಟರಲ್ಲಿ ನರ್ಸ್ ಬಂದು ವರ್ಲಿನ್‌ನ ಮುಖ ನೋಡಿ ಬೆಚ್ಚಿದಳು. "ಯಾರು ಹೀಗೆ ಹೊಡೆದದ್ದು?"

"ಹಸು ಒದೀತು," ಎಂದ ವರ್ಲಿನ್. ಒಂಟಿಗಾಲಲ್ಲಿ ಎದ್ದು, ತೋಳು ಚಾಚಿ, ಅಣ್ಣನ ಮೇಲೆ ಗುರ್ರೆಂದ.

"ಏನು ನೋಡ್ತೀಯೋ ಹಸು? ಹಿಡ್ಕೊ ಬಾ."