ಬಾಲಕೃಷ್ಣರು ಅಳಿಸಿದ ತಿಥಿಪಟ್ಟಿ

ದೀಪ ಸಣ್ಣಗೆ ಮಾಡಿ ಸಾಕು, ಆರಿಸಬೇಡಿ. ಇದು ಅವರಿವರ ಬಾಯಿಂದ ಬಂದದ್ದಲ್ಲ. ನಮ್ಮ ತಲೆಯ ಮೇಲಿನ ಮನೆಯಲ್ಲಿ ನಡೆದದ್ದು. ವಡೋದರಾ, ತೊಂಬತ್ತೆಂಟನೇ ಇಸವಿ. ನಾನಾಗ ಬ್ಯಾಂಕಿನಲ್ಲಿದ್ದೆ. ಫತೇಗಂಜ್‌ನ ಒಂದು ಸೊಸೈಟಿಯಲ್ಲಿ ಕೆಳಗಿನ ಮನೆ ನನ್ನದು, ಮಹಡಿ ಬಾಲಕೃಷ್ಣರದು.

ಗಣಪತಿ ಹಬ್ಬ ಮುಗಿದ ಭಾನುವಾರ. ರಾತ್ರಿ ಹನ್ನೊಂದು. ಬಾಲಕೃಷ್ಣರು ಸ್ಟೇಷನ್ ಕಡೆಯಿಂದ ನಡೆದು ಬರುತ್ತಿದ್ದಾರೆ. ಆಟೋ ಒಂದೂ ಇಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಹಳೇ ಬಾವಿ, ಅದರ ಮೇಲೆ ಕಬ್ಬಿಣದ ಜಾಲರಿ. ಕಟ್ಟೆಯ ಮೇಲೆ ಒಬ್ಬ ಕೂತಿದ್ದ. ಬರಿಮೈ, ಒದ್ದೆ ಪಂಚೆ. ಇವರು ದಾಟುವಾಗ ತಗ್ಗಿದ ದನಿಯಲ್ಲಿ ಕೇಳಿದ...

"ನಮ್ಮದು ಯಾವತ್ತು?"

ಕನ್ನಡದಲ್ಲಿ. ಯಾವುದೋ ಉಡುಪಿ ಹೋಟೆಲಿನ ಅಡುಗೆಯವನಿರಬೇಕು ಅಂದುಕೊಂಡ ಬಾಲಕೃಷ್ಣರು, "ಏನು ಯಾವತ್ತು ಮಾರಾಯ್ರೇ?" ಅಂದರು. ಪಂಚೆಯಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಟಪ್... ಟಪ್... ಹತ್ತು ಹೆಜ್ಜೆ ಹಾಕಿದರು. ಬೆನ್ನ ಹಿಂದೆ ಅದೇ ಪ್ರಶ್ನೆ, ಈ ಸಲ ಹೆಂಗಸಿನ ದನಿ. ಇನ್ನೂ ಹತ್ತು ಹೆಜ್ಜೆ. ಈಗ ಹಲ್ಲಿಲ್ಲದ ಯಾರೋ ಮುದುಕರದು. ಮನೆ ತಲುಪಿದಾಗ ಇವರ ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

ಕೇಳಿದವರು ಯಾರು ಅಂತ ಇವರಿಗೆ ಆಗಲೇ ಅನುಮಾನ. ಯಾಕೆ ಅಂತ ಹೇಳುತ್ತೇನೆ.

ನಾವು ವರ್ಗವಾಗಿ ಬಂದ ಜನ. ಬ್ಯಾಂಕು, ರೈಲ್ವೆ, ವಿಮೆ, ಹೋಟೆಲು. ಊರಿನ ಪುರೋಹಿತರು ಊರಲ್ಲೇ ಉಳಿದರು. ಯಾರ ಅಪ್ಪ ಯಾವ ತಿಥಿಗೆ ತೀರಿಕೊಂಡರು, ಯಾರ ಅಜ್ಜಿ ಯಾವ ಮಾಸದಲ್ಲಿ ಹೋದರು, ಇದನ್ನೆಲ್ಲ ನೆನಪಿಡುವ ಒಂದು ದಪ್ಪ ಪುಸ್ತಕ ನಮ್ಮ ಕನ್ನಡದವರಲ್ಲಿ ಕೈಯಿಂದ ಕೈಗೆ ಬಂದು ಬಾಲಕೃಷ್ಣರ ಮನೆ ಸೇರಿತ್ತು. ವಡೋದರಾದವರು, ನವರಂಗಪುರದ ಬ್ಯಾಂಕಿನವರು, ಸೂರತ್ ಪಕ್ಕದ ಸಚಿನ್‌ನ ಕಾರ್ಖಾನೆಯವರು, ಎಲ್ಲ ಸೇರಿ ಇನ್ನೂರ ಹದಿನಾಲ್ಕು ಮನೆ. ಪಿತೃಪಕ್ಷಕ್ಕೆ ಮುಂಚೆ ಇವರು ಪ್ರತಿ ಮನೆಗೂ ಆ ಮನೆಯ ಪಟ್ಟಿ ಮಾತ್ರ ಕಳಿಸುತ್ತಿದ್ದರು, ಪಕ್ಷ ಮುಗಿದರೆ ಅದನ್ನು ಎತ್ತಿಡುವವರು ನನ್ನಂಥ ಒಬ್ಬಿಬ್ಬರೇ. ಅರ್ಧಕ್ಕರ್ಧ ಮನೆಗಳಲ್ಲಿ ತಿಥಿ ನೆನಪಿದ್ದವರೇ ತೀರಿಹೋಗಿದ್ದರು. ಆ ಪುಸ್ತಕವೇ ಗತಿ.

ಬಾಲಕೃಷ್ಣರು ಕಾರ್ಖಾನೆಯಲ್ಲಿ ಇಂಜಿನಿಯರು, ಕಂಪ್ಯೂಟರಿನ ಹುಚ್ಚು. ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಇಟ್ಟು, ಮಗಳು ಪೂರ್ವಿಯ ಕಂಪ್ಯೂಟರಿಗೂ ತಮ್ಮದಕ್ಕೂ ಗೋಡೆಯುದ್ದ ಕೇಬಲ್ ಎಳೆದಿದ್ದರು. ಮನೆಯ ಕಡತಗಳೆಲ್ಲ ಅದರಲ್ಲಿ. ತಿಥಿಪುಸ್ತಕವನ್ನೂ ಎರಡು ವರ್ಷ ಕೂತು ಅದಕ್ಕೇ ಟೈಪು ಮಾಡಿದರು. ಮುಗಿದ ಮೇಲೆ ಹೆಂಡತಿ ಕಾಮಾಕ್ಷಮ್ಮ, "ಹೋದವರ ಹೆಸರು ಮನೇಲಿ ಎರಡೆರಡು ಕಡೆ ಯಾಕೆ? ರದ್ದಿಗೆ ಹಾಕೋ ವಸ್ತುವೂ ಅಲ್ಲ," ಅಂದರು. ಗಂಡಹೆಂಡತಿ ಚಾಂದೋದ್‌ಗೆ ಹೋಗಿ, ಅರಿಶಿನ ಕುಂಕುಮ ಹಚ್ಚಿ, ಪುಸ್ತಕವನ್ನು ನರ್ಮದೆಗೆ ಬಿಟ್ಟು ಬಂದರು. ಭಕ್ತಿಯಿಂದಲೇ ಬಿಟ್ಟರು, ಪಾಪ.

ಆ ಭಾನುವಾರ ಮಧ್ಯಾಹ್ನ ಇವರು ಸರ್ವರಿಗೆ ಎರಡನೇ ಡಿಸ್ಕು ಕೂರಿಸಿದರು. ಪಟ್ಟಿಗೆ ಇನ್ನೊಂದು ನಕಲು ಇರಲಿ ಅಂತಲೇ. ಹೊಸ ಡಿಸ್ಕನ್ನು ಭಾಗ ಮಾಡಲು ಹೋಗಿ ಹಳೆಯದರ ಭಾಗಗಳನ್ನು ಅಳಿಸಿದರು. ಪರದೆಯ ಮೇಲೆ ಒಂದು, ಎರಡು ಅಂತ ನಂಬರಿತ್ತು. ಎರಡು ಒತ್ತಲಿಲ್ಲ, ಅಷ್ಟೇ. ಪೂರ್ವಿ ಸೂರತ್‌ಗೆ ಹೋಗಿದ್ದಳು. ಇವರು ಸ್ಟೇಷನ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಓಡಿದರು. ಅಂಗಡಿಯವನು, "ಎಲ್ಲ ಹೋಯ್ತು, ಫಾರ್ಮ್ಯಾಟ್ ಮಾಡಿ," ಅಂದ. ವಾಪಸ್ ಬರುವಾಗ ಆ ಬಾವಿ.

ಸೋಮವಾರ ಪೂರ್ವಿ ಬಂದಳು. ವಡೋದರಾದಲ್ಲೇ ಬೆಳೆದ ಹುಡುಗಿ, ಕನ್ನಡ ಕುಂಟುತ್ತದೆ, ಬುದ್ಧಿ ಓಡುತ್ತದೆ.

"ಪಪ್ಪಾ, ಇನ್ನು ನೀನು ಹಾಥ್ ಹಚ್ಚಬೇಡ. ಏನೂ ಹೋಗಿಲ್ಲ. ಬರೀ ಬಾರ್ಡರ್ ಹೋಗಿದೆ."

ನಾನು ಬಿ.ಎಸ್ಸಿ., ಭೌತಶಾಸ್ತ್ರ, ನನಗೆ ತಕ್ಷಣ ತಿಳಿಯಿತು. ಹೊಲದ ಗಡಿಕಲ್ಲು ಕಿತ್ತ ಹಾಗೆ. ಹೊಲ ಅಲ್ಲೇ ಇದೆ, ಬೆಳೆಯೂ ಇದೆ. ಕಲ್ಲನ್ನು ಮೊದಲಿದ್ದ ಜಾಗಕ್ಕೇ ನೆಟ್ಟರೆ ಎಲ್ಲ ವಾಪಸ್. ಆದರೆ ಆ ಜಾಗದ ನಂಬರು ಒಂದರಿಂದ ಸಾವಿರದೊಳಗೆ ಯಾವುದೂ ಆಗಬಹುದು. ಇವರು ಎಲ್ಲೂ ಬರೆದಿಟ್ಟಿರಲಿಲ್ಲ. ಒಂದೊಂದೇ ನಂಬರು ಕೊಟ್ಟು, ಯಂತ್ರ ಮತ್ತೆ ಶುರುಮಾಡಿ, ನೋಡಬೇಕು. ಪಕ್ಷ ಶುರುವಾಗಲು ಏಳೇ ದಿನ.

ಆ ರಾತ್ರಿ ನನಗೆ ಎಚ್ಚರವಾಯಿತು. ತಾರಸಿಯ ಮೇಲೆ, ಅಂದರೆ ಅವರ ಹಿಂದಿನ ಕೋಣೆಯ ನೆಲದಲ್ಲಿ... ಧಪ್. ಯಾರೋ ಮಂಡಿಯೂರಿ ಕೂತ ಸದ್ದು. ಆಮೇಲೆ ಒಣಗಿದ ಎಲೆ ನೆಲಕ್ಕೆ ಉಜ್ಜಿದ ಸದ್ದು. ಸರ್ರ್... ಒಂದು ಮೊಳ ಆಚೆ ಮತ್ತೆ ಧಪ್. ಮತ್ತೆ ಸರ್ರ್... ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಸಾಲು. ಎದುರಿಗೆ ಇನ್ನೊಂದು ಸಾಲು. ಬಡಿಸುವವರು ಓಡಾಡಬೇಕಲ್ಲ? ಹೆಜ್ಜೆಯ ಸದ್ದಿಲ್ಲ. ಸೌಟಿನ ಸದ್ದಿಲ್ಲ. ಬೆಳಗಿನವರೆಗೆ ಸುಮ್ಮನೆ ಕೂತಿದ್ದರು...

ಬೆಳಿಗ್ಗೆ ಮೆಟ್ಟಿಲ ಹತ್ತಿರ ತಮಾಷೆ ಮಾಡಿದೆ. "ಏನು ಕಾಮಾಕ್ಷಮ್ಮ, ರಾತ್ರಿ ಪಂಕ್ತಿ ಜೋರಾಗಿತ್ತು. ನಮ್ಮನ್ನ ಮಾತ್ರ ಬಿಟ್ಟುಬಿಟ್ರಿ."

ಅವರು ಗೋಡೆ ಹಿಡಿದುಕೊಂಡರು. "ನಿಮಗೂ ಕೇಳಿಸ್ತಾ?" ಒಳಗೆ ಕರೆದು ಅನ್ನದ ಪಾತ್ರೆಯ ಮುಚ್ಚಳ ತೆಗೆದರು. "ಇಳಿಸಿ ಐದು ನಿಮಿಷ ಆಗಿಲ್ಲ, ನೋಡಿ."

ಹಬೆಯಾಡುತ್ತಿದ್ದ ಅನ್ನ ನೂಲುನೂಲಾಗಿ ಹಳಸಿತ್ತು.

ಮೂವರನ್ನೂ ನಮ್ಮಲ್ಲಿ ಊಟಕ್ಕೆ ಕೂರಿಸಿದೆವು. ಬಾಲಕೃಷ್ಣರು ತಟ್ಟೆಗೆ ಕೈ ಹಾಕಿದ್ದೇ ತಡ, ನಮ್ಮ ಅನ್ನವೂ ಹಳಸಿತು. ಹೋಟೆಲಿನ ಇಡ್ಲಿಯೂ ಅಷ್ಟೇ, ಹಾಲೂ ಅಷ್ಟೇ. ನೀರು, ಹಾಲಿಲ್ಲದ ಚಹಾ, ಇವೆರಡೇ ಕೆಡದೆ ಉಳಿದದ್ದು. ತಮಗಿಲ್ಲದ ಊಟ ಇವರಿಗೂ ಬೇಡ ಅಂತ ಹೋದವರ ಪಟ್ಟು.

ಬದುಕಿದ್ದವರೇನು ಕಡಿಮೆಯೇ? ನವರಂಗಪುರದಿಂದ ಒಬ್ಬರು ಫೋನಿನಲ್ಲಿ, "ನಮ್ಮಪ್ಪನ್ನ ಒರೆಸಿ ಹಾಕಿದ್ರಂತೆ. ಮನುಷ್ಯರಾ ನೀವು?" ಅಂದರು. ಇನ್ನೊಬ್ಬರು ಸಮಾಧಾನಕ್ಕೆ, ತಿಥಿ ಗೊತ್ತಿಲ್ಲದವರಿಗೆ ಅಮಾವಾಸ್ಯೆ ಇದೆಯಲ್ಲ ಅಂದರು. ಕಾಮಾಕ್ಷಮ್ಮ, "ಗೊತ್ತಿಲ್ಲದವರಿಗೆ ಸರಿ. ಗೊತ್ತಿದ್ದೂ ಕಳೆದವರಿಗೆ?" ಅಂತ ಫೋನ್ ಇಟ್ಟರು.

ಶುಕ್ರವಾರ ಬಾಲಕೃಷ್ಣರಿಗೆ ಎದ್ದು ನಿಲ್ಲಲಾಗಲಿಲ್ಲ. ಪೂರ್ವಿ ಒಂದೊಂದೇ ನಂಬರು ಒತ್ತುತ್ತಲೇ ಇದ್ದಳು. ಮುನ್ನೂರ ತೊಂಬತ್ತು ನಂಬರು ಮುಗಿದಿದ್ದವು. ಪ್ರತಿ ಸಲವೂ ಪರದೆಯ ತುಂಬ ಅರ್ಥವಿಲ್ಲದ ಗುರುತುಗಳು. ಶನಿವಾರ ರಾತ್ರಿ ನಾನೂ ಮೇಲೆ ಹೋಗಿ ಕೂತೆ. ಹೆದರಿಕೆಯಿರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಅಂಥ ರಾತ್ರಿ ಮನುಷ್ಯನಿಗೆ ಎಷ್ಟು ಸಲ ಸಿಗುತ್ತದೆ, ಹೇಳಿ.

ಒಂದೂವರೆಗೆ ಕರೆಂಟು ಹೋಯಿತು. ಯಂತ್ರ ಬ್ಯಾಟರಿಯ ಮೇಲೆ ಕೂಗತೊಡಗಿತು. ಪೀಂ... ಪೀಂ... ಆಮೇಲೆ ಆ ಸದ್ದು. ಧಪ್. ಸರ್ರ್... ನನ್ನ ಎಡಕ್ಕೆ. ಬಲಕ್ಕೆ. ನನ್ನ ಮಂಡಿಗೆ ತಣ್ಣಗೆ ಇನ್ನೊಂದು ಮಂಡಿ ತಾಗಿತು. ಕೋಣೆಯಲ್ಲಿ ಜಾಗವೇ ಉಳಿಯಲಿಲ್ಲ. ಎಲೆಗಳನ್ನು ಉಗುರಿನಿಂದ ಕೆರೆಯತೊಡಗಿದರು. ಕರ್ರ್... ಕರ್ರ್... ಮೊದಲು ಒಬ್ಬರು, ಆಮೇಲೆ ಎಲ್ಲರೂ. ಯಾರೋ ಕುತ್ತಿಗೆ ಹಿಡಿದ ಹಾಗೆ ಬಾಲಕೃಷ್ಣರ ಗಂಟಲು ಗೊರ್ ಅಂದಿತು. ಪೂರ್ವಿಯ ಕಿವಿಯ ಹತ್ತಿರ, ನನಗೂ ಕೇಳುವಷ್ಟು ಮೆಲ್ಲಗೆ...

"ನಮ್ಮದು ಯಾವತ್ತು?"

ಅವಳು ತಲೆ ಎತ್ತಲಿಲ್ಲ.

"ಹುಡುಕ್ತಾ ಇದ್ದೀನಲ್ಲ? ಬೇಸೋ. ಚುಪ್ ಕೂತ್ಕೊಳ್ಳಿ ಎಲ್ಲ. ಪಪ್ಪನ್ನ ಬಿಡಿ ಮೊದಲು. ಗಲಾಟೆ ಮಾಡಿದ್ರೆ ನಂಗೆ ನಂಬರ್ ತಪ್ಪತ್ತೆ, ಮತ್ತೆ ಒಂದರಿಂದ ಶುರು. ಬೇಕಾ?"

ಕೆರೆತ ನಿಂತಿತು. ಪಕ್ಕದಲ್ಲಿ ಬಾಲಕೃಷ್ಣರು ಉಸಿರೆಳೆದುಕೊಂಡರು.

ಅವಳು ಪರದೆಯ ಬೆಳಕಿನಲ್ಲೇ ಮುಂದಿನ ನಂಬರು ಕೊಟ್ಟಳು. ಇಲ್ಲ. ಅದರ ಮುಂದಿನದು. ಇಲ್ಲ. ಯಾರೂ ಅಲುಗಲಿಲ್ಲ. ನಾನೂರ ಮೂವತ್ತೇಳು ಕೊಟ್ಟಾಗ ಡಿಸ್ಕು ಕಟಕಟ ಅಂದಿತು. ಪರದೆಯ ಮೇಲೆ ಹೆಸರುಗಳು ಮೇಲಕ್ಕೆ ಹರಿಯತೊಡಗಿದವು. ನನ್ನ ಮಂಡಿಯ ಪಕ್ಕದ ತಣ್ಣಗಿನದು ಎದ್ದುಹೋಯಿತು...

ಬೆಳಗಿನ ಜಾವ ಕಾಮಾಕ್ಷಮ್ಮ ಅನ್ನಕ್ಕಿಟ್ಟರು. ಅನ್ನ ಅನ್ನವಾಗಿಯೇ ಇತ್ತು. ಮೊಸರು ಕಲಸಿಕೊಂಡು ತಪ್ಪಲೆ ಖಾಲಿ ಮಾಡಿದೆವು. ಪ್ರಿಂಟರ್ ಕಿರ್ರೋ ಅಂತ ಪಟ್ಟಿ ಹೊರಹಾಕುತ್ತಿತ್ತು. ಇನ್ನೂರ ಹದಿನಾಲ್ಕು ಮನೆ, ಒಂದೂ ಕಡಿಮೆಯಿಲ್ಲ. ಅದರಲ್ಲಿ ನನ್ನ ಮನೆಯ ಸಾಲು ನೋಡಿಕೊಂಡೆ.

ನಮ್ಮ ತಂದೆಯವರದು ಬಹುಳ ದಶಮಿ. ನನ್ನ ಕೈಯಾರೆ ಬರೆದು ಕೊಟ್ಟದ್ದು. ಇಪ್ಪತ್ತೆರಡು ವರ್ಷ ದಶಮಿಗೇ ಮಾಡಿದ್ದೇನೆ. ಹಿಂದಿನ ವರ್ಷ ಬಂದ ಪಟ್ಟಿಯಲ್ಲೂ ದಶಮಿಯೇ ಇತ್ತು. ಈ ಪಟ್ಟಿಯಲ್ಲಿ ನವಮಿ.

"ಅಂಕಲ್, ನಾನು ಏನೂ ಟೈಪ್ ಮಾಡಿಲ್ಲ," ಅಂದಳು ಪೂರ್ವಿ. ಅವಳಿಗೆ ನವಮಿಯೂ ಗೊತ್ತಿಲ್ಲ, ದಶಮಿಯೂ ಗೊತ್ತಿಲ್ಲ.

ಅರಸೀಕೆರೆಯಲ್ಲಿದ್ದ ನಮ್ಮ ಸೋದರತ್ತೆ ಸುಮಿತ್ರಮ್ಮನಿಗೆ ಕಾಗದ ಬರೆದೆ. ಪಟ್ಟಿಯ ವಿಷಯ ಎತ್ತಲಿಲ್ಲ, ಅಪ್ಪ ಹೋದದ್ದು ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳಿದೆ. ವಾರದೊಳಗೆ ಕಾರ್ಡು ಬಂತು. "ಬೆಳಗಿನ ಜಾವ ನಾಲ್ಕೂವರೆಗೆ. ನಾನೇ ಬಾಯಿಗೆ ನೀರು ಬಿಟ್ಟೆ. ದಶಮಿ ಬಂದದ್ದು ಐದೂಮುಕ್ಕಾಲಿಗೆ. ಆವತ್ತೇ ಹೇಳಿದೆ, ನೀವು ಗಂಡಸರು ಕ್ಯಾಲೆಂಡರು ನೋಡಿ ಸುಮ್ಮನಾದಿರಿ."

ಆ ಕಾರ್ಡೂ ಇದೆ, ಎರಡು ವರ್ಷದ ಎರಡು ಪಟ್ಟಿಗಳೂ ನನ್ನ ಬೀರುವಿನಲ್ಲಿವೆ. ಬೆಳಿಗ್ಗೆ ತೋರಿಸುತ್ತೇನೆ, ಈಗ ಬೇಡ. ಒಂದಕ್ಷರ ಸೇರಿಸಿ ಹೇಳಿಲ್ಲ. ಬೇರೆ ಮನೆಯವರ ಸಾಲುಗಳಲ್ಲಿ ಏನೇನು ಬದಲಾಗಿತ್ತೋ, ನಾನು ಕೇಳಲು ಹೋಗಲಿಲ್ಲ. ಕಾರ್ಡು ಬಂದದ್ದು ಅಷ್ಟಮಿಯ ಸಂಜೆ. ಮರುದಿನ ಬ್ಯಾಂಕಿಗೆ ರಜೆ ಹಾಕಿದೆ.