ಮೂರು ನಿಮಿಷದ ಗಂಟೆ

ಮಿನೆಸೋಟದ ನಮ್ಮೂರ ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಮುದುಕ ವರ್ಲಿನ್, ಅವನ ಪಕ್ಕದ ಮನೆಯಾಕೆ ಆರ್ಡಿಸ್.

"ನಿನ್ನೆ ಶಾಲಾ ಮಂಡಳಿ ಸಭೇಲಿ ಆ ಸೊಮಾಲಿಯಾದ ಟೀಚರಮ್ಮ ಗಲಾಟೆ ಎಬ್ಬಿಸಿದ್ಳಂತೆ? ಅವಳನ್ನ ಮಂಡಳಿಗೆ ಆರಿಸಿದ್ದೇ ತಪ್ಪು," ಅಂದ ವರ್ಲಿನ್.

"ಇಫ್ರಾ ಟೀಚರಾ? ಎಂಥ ಗಲಾಟೆ ಮಾರಾಯ! ಒಬ್ಬ ತಾಯಿ ಸೊಮಾಲಿ ಭಾಷೇಲಿ ಮಾತಾಡ್ತಿದ್ದಳು, ಇನ್ನೊಬ್ಬ ಅದನ್ನ ಇಂಗ್ಲಿಷಲ್ಲಿ ಹೇಳ್ತಿದ್ದ. ಟೈಮ್ ಮುಗೀತು ಅಂತ ಅರ್ಧಕ್ಕೇ ಗಂಟೆ ಹೊಡೆದ್ರು."

"ತಲೆಗೆ ಮೂರು ನಿಮಿಷ. ನಿಯಮ ಅಂದ್ರೆ ನಿಯಮ."

"ಟೀಚರೂ ಅದನ್ನೇ ಅಂದ್ರು. ಮೂರು ನಿಮಿಷ ತಾಯಿಗೆ, ಅನುವಾದಕ್ಕೆ ಬೇರೆ ಕೊಡಿ ಅಂತ. ಕೊಟ್ಟರು. ಬಸ್ಸು ಉಳೀತು."

"ಯಾವ ಬಸ್ಸು?"

"ನಿನ್ನ ಮೊಮ್ಮಗಳು ಹತ್ತೋ ಬಸ್ಸು. ಅದನ್ನ ರದ್ದು ಮಾಡಬೇಡಿ ಅಂತಾನೇ ಆ ತಾಯಿ ಬೇಡ್ಕೊಂಡಿದ್ದು."

ವರ್ಲಿನ್ ಜೇಬಿನಲ್ಲಿ ಚಿಲ್ಲರೆ ಹುಡುಕತೊಡಗಿದ.

"ನೀನು ಬಂದಿದ್ರೆ ನಿನಗೂ ಮೂರು ನಿಮಿಷ ಸಿಗ್ತಿತ್ತು."

ವರ್ಲಿನ್ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, ಸ್ಟಾಂಪು ಕೊಳ್ಳದೆಯೇ ಹೊರಟುಹೋದ.