ಸೊನ್ನೆ ಹಾಕಿ ಕೊಟ್ಟ ಹಾಳೆ

ಬಸ್ಸು ನಡುದಾರಿಯಲ್ಲಿ ಕೆಟ್ಟು, ಊರದಾರಿ ಒಡೆಯುವ ಫಾಟಾದಲ್ಲಿ ಇಳಿಸುವ ಹೊತ್ತಿಗೆ ರಾತ್ರಿ ಒಂಬತ್ತು ದಾಟಿತ್ತು. ಇಳಿದವಳು ಅನುರಾಧಾ ಒಬ್ಬಳೇ. ಅನುರಾಧಾ ಅಂದರೆ ನನ್ನ ಚಿಗವ್ವನ ಮಗಳು, ಆಳಂದದ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಾನೇ ಎತ್ತಿ ಆಡಿಸಿದ ಹುಡುಗಿ. ಅದಕ್ಕೇ ಇದನ್ನು ಹೇಳುವಾಗ ನನಗೆ ಸಿಟ್ಟೂ ಬರುತ್ತದೆ, ಕರುಳೂ ಚುರ್ ಅನ್ನುತ್ತದೆ. ನಡುವೆ ಯಾರೂ ನಗಬೇಡ್ರಿ. ನಗುವವರು ಈಗಲೇ ಎದ್ದು ಹೋಗಿ ಮಲಗ್ರಿ.

ಹಿರೋಳ್ಳಿ ಕಡೆಯ ನಮ್ಮ ಊರಿಗೆ ಫಾಟಾದಿಂದ ಇರುವುದು ಒಂದೇ ದಾರಿ. ಎರಡೂ ಬದಿಗೆ ಎರೆ ಹೊಲ. ನಡುವೆ ಆಲದ ಮರ, ಅದರ ಬುಡಕ್ಕೆ ಹಳೇ ಕಲ್ಲುಬಾವಿ. ಜೂನ್ ತಿಂಗಳು, ಶಾಲೆ ಆಗ ತಾನೇ ಶುರುವಾಗಿತ್ತು. ಗಾಳಿ ಇಲ್ಲ. ಎಲೆ ಅಲುಗುತ್ತಿಲ್ಲ. ಅವಳ ಚಪ್ಪಲಿಯ ಸಪ್ಪಳ ಬಿಟ್ಟರೆ ಏನೂ ಇಲ್ಲ.

ಬಾವಿ ಹತ್ತಿರ ಬಂದಾಗ ಕೇಳಿಸಿತು... ಸರ್... ಸರ್... ಸರ್...

ಕಾಗದದ ಮೇಲೆ ಪೆನ್ಸಿಲ್ ಓಡುವ ಸಪ್ಪಳ.

ಅನುರಾಧಾ ನಿಂತಳು. ಅದೂ ನಿಂತಿತು. ಆಮೇಲೆ ರಬ್ಬರ್ ಉಜ್ಜುವ ಸಪ್ಪಳ... ಗುಸು ಗುಸು ಗುಸು. ಆಮೇಲೆ ಹಾಳೆಯ ಮೇಲಿನ ರಬ್ಬರ್ ಪುಡಿ ಊದಿದ ಹಾಗೆ... ಫೂ.

ಬಾವಿಯೊಳಗಿನಿಂದ ಪಿಸುಮಾತು ಬಂತು.

"ಅನೂ... ಬಿಡಿಸಿದೇನು?"

ಹೀಗೆ ಕೇಳುವವಳು ಇದ್ದದ್ದು ಒಬ್ಬಳೇ. ಅವಳು ಸತ್ತು ಆರು ತಿಂಗಳಾಗಿತ್ತು. ಅನುರಾಧಾಳ ಬಾಯಿಂದ ಅವಳಿಗೇ ತಿಳಿಯದ ಹಾಗೆ "ಇಲ್ಲ" ಅಂತ ಬಂತು.

"ಹಂಗಾರ ಸುಳಿವು ಕೊಡ್ತೇನಿ... ತಡಿ."

ಅನುರಾಧಾ ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ಈಗ ಸತ್ತವಳ ಸುದ್ದಿ ಕೇಳ್ರಿ. ಅಮೃತ ಅಂತ. ನಮ್ಮದೇ ಓಣಿ. ಜೇವರ್ಗಿಯಲ್ಲಿ ಇಬ್ಬರೂ ಒಂದೇ ಖೋಲಿಯಲ್ಲಿದ್ದು ಬಿ.ಎಡ್. ಮುಗಿಸಿದರು. ಗುಪ್ತಲಿಪಿಯ ಹುಚ್ಚು ಹತ್ತಿದ್ದು ಅಲ್ಲೇ. ಅದಕ್ಕೆ ಬೇಕಾಗಿದ್ದು ಚೌಕದ ಹಾಳೆ, ಪೆನ್ಸಿಲ್, ರಬ್ಬರ್ ಅಷ್ಟೇ. ಕ, ಖ, ಗ ಎಲ್ಲಕ್ಕೂ ಹಿಂದುಮುಂದಾಗಿ ಒಂದೊಂದು ಅಂಕಿ. ಕಾಗುಣಿತಕ್ಕೆ ಪಕ್ಕದಲ್ಲಿ ಇನ್ನೊಂದು ಸಣ್ಣ ಅಂಕಿ. ಒಬ್ಬಳು ಒಂದು ಮಾತನ್ನು ಹಾಗೆ ಬರಿಯ ಅಂಕಿಗಳಲ್ಲಿ ಬರೆದು ಕೊಡುವುದು, ಇನ್ನೊಬ್ಬಳು ಬಿಡಿಸುವುದು. ಯಾವ ಅಂಕಿ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಇದು ದ ಇರಬೇಕು, ಇದು ರ ಇರಬೇಕು ಎಂದು ಊಹಿಸುತ್ತ ಕೂತರೆ ರೊಟ್ಟಿ ಆರಿ ಹಪ್ಪಳವಾದರೂ ಏಳುತ್ತಿರಲಿಲ್ಲ. ನಾನೂ ಒಮ್ಮೆ ಕೂತು ನೋಡಿದೆ. ತಲೆ ಗಿರ್ ಅಂದಿತು, ಎದ್ದುಬಂದೆ.

ಅವರ ಆಟಕ್ಕೊಂದು ಕಟ್ಟಳೆ ಇತ್ತು. ಬಿಡಿಸಿದರೆ ಕೆಳಗೆ ಉತ್ತರ ಬರೆದು ಅದೇ ಹಾಳೆ ತಿರುಗಿ ಕೊಡಬೇಕು. ಆಗಲಿಲ್ಲವೋ, ಮೂಲೆಯಲ್ಲಿ ಸೊನ್ನೆ ಹಾಕಿ ಕೊಡಬೇಕು. ಸೊನ್ನೆ ಬಂದರೆ ಕಳಿಸಿದವಳು ಅದನ್ನು ಅಳಿಸಿ, ಒಂದು ಅಕ್ಷರವನ್ನು ಸುಳಿವಾಗಿ ಬರೆದು, ಮತ್ತೆ ಕಳಿಸಬೇಕು. ಉತ್ತರ ಬರುವ ತನಕ ಹೀಗೇ. ಹೆಚ್ಚಿನ ಸೊನ್ನೆಗಳು ಅನುರಾಧಾಳವೇ. "ನಿನಗ ಪೆನ್ಸಿಲ್ ಕೆತ್ತಾಕಷ್ಟೇ ಬರ್ತದ ನೋಡವ್ವ" ಎಂದು ಅಮೃತ ಎಲ್ಲರೆದುರು ನಗುತ್ತಿದ್ದಳು. ಇವಳೂ ನಗುತ್ತಿದ್ದಳು. ಒಳಗೆ ಕುದಿಯುತ್ತಿತ್ತು ಅಂತ ಯಾರಿಗೆ ಗೊತ್ತು?

ಆಳಂದದ ಆ ಶಾಲೆಯಲ್ಲಿ ಒಂದೇ ಒಂದು ಕೆಲಸ ಖಾಲಿ ಇತ್ತು. ಆಯ್ಕೆಯಾದವಳು ಅಮೃತ. ಎರಡನೇ ಹೆಸರು ಅನುರಾಧಾಳದು. ಶುಕ್ರವಾರ ಹನ್ನೊಂದರೊಳಗೆ ಅಮೃತ ಸರ್ಟಿಫಿಕೇಟ್ ತಂದು ಹಾಜರಾಗದಿದ್ದರೆ ಕೆಲಸ ಎರಡನೆಯವರಿಗೆ. ಅಮೃತಳಿಗೆ ಅಪ್ಪ ಇಲ್ಲ, ಕಾಕಾ ಕಲ್ಯಾಣಪ್ಪನದೇ ಯಜಮಾನಿಕೆ. "ನೌಕರಿ ಗೀಕರಿ ಬ್ಯಾಡ, ಲಗ್ನ ಮಾಡಿ ಕಳಸ್ತೇನಿ" ಅಂತ ಅವನು ಮೊಬೈಲ್ ಕಸಿದುಕೊಂಡು ಹುಡುಗಿಯನ್ನು ಕೂಡಿಹಾಕಿದ. ಪುಣ್ಯಕ್ಕೆ ಅವಳ ಸರ್ಟಿಫಿಕೇಟ್ ಅನುರಾಧಾಳ ಹತ್ತಿರ ಇದ್ದವು.

ಮಂಗಳವಾರ ಬಳೆ ಹಾಕುವ ಜಸ್ಮೀನ ಆ ಮನೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಚೌಕದ ಹಾಳೆ. ಕಲ್ಯಾಣಪ್ಪ ತಡೆದು ನೋಡಿದ. ಬರೇ ಅಂಕಿ. "ಅದಽ ಹುಚ್ಚಾಟ" ಅಂತ ಬಿಟ್ಟ. ಹಾಳೆ ಅನುರಾಧಾಳ ಕೈ ಸೇರಿತು. ಅವಳು ಅರ್ಧ ತಾಸಿನಲ್ಲಿ ಬಿಡಿಸಿದಳು. ಹೌದು, ಬಿಡಿಸಿದಳು... ಅಮೃತ ಬೇಕಂತಲೇ ಸಲೀಸಾದದ್ದು ಬರೆದಿದ್ದಳು.

"ಗುರುವಾರ ರಾತ್ರಿ ತಪ್ಪಿಸಿಕೊಂಡು ಬಂದು ಒಂಬತ್ತಕ್ಕೆ ಬಾವಿ ಹತ್ತಿರ ಕೂತಿರುತ್ತೇನೆ. ಸರ್ಟಿಫಿಕೇಟ್ ತಾ. ನೀನೊಬ್ಬಳೇ ದಿಕ್ಕು."

ಗುರುವಾರ ಬಂತು. ಒಂಬತ್ತಾಯಿತು. ಹತ್ತಾಯಿತು. ಅನುರಾಧಾ ಅಮೃತಳ ಸರ್ಟಿಫಿಕೇಟ್ ಇದ್ದ ಚೀಲವನ್ನು ಮಂಚದ ಕೆಳಗೆ ತಳ್ಳಿ, ದೀಪ ಆರಿಸಿ, ಮಲಗಿದಳು.

ಶುಕ್ರವಾರ ಮುಂಜಾನೆ ಅಮೃತಳ ಹೆಣ ಬಾವಿಯಲ್ಲಿ ತೇಲಿತು. ಕಾಲು ಜಾರಿತು ಅಂತ ಪೊಲೀಸರು ಬರೆದುಕೊಂಡರು. ಇರಬಹುದು. ಮೂರನೇ ದಿನ ಅನುರಾಧಾ ಆ ಹಾಳೆ ಹಿಡಿದುಕೊಂಡು ಅಮೃತಳ ತಾಯಿ ಭಾಗಮ್ಮನ ಮುಂದೆ ಕೂತಳು. ಉತ್ತರ ಬರೆದದ್ದನ್ನು ರಬ್ಬರಿನಿಂದ ಉಜ್ಜಿದ್ದಳು. ಮೂಲೆಯಲ್ಲಿ ದುಂಡಗೆ ಸೊನ್ನೆ.

"ಚೀಟಿ ಕಳಿಸಿದ್ಳು ಅತ್ತಿ... ನನಗ ಬಿಡಸಾಕ ಆಗಲಿಲ್ಲ" ಅಂತ ಅತ್ತಳು.

ಊರಿಗೆ ಊರೇ ಅಯ್ಯೋ ಅಂದಿತು. ನಾನೂ ಅಂದೆ. ಭಾಗಮ್ಮ ಓದು ಬಾರದವಳು, ಹಾಳೆಯನ್ನು ಎದೆಗೊತ್ತಿಕೊಂಡು ಟ್ರಂಕಿನಲ್ಲಿಟ್ಟಳು. ಮುಂದಿನ ವಾರ ಅನುರಾಧಾ ಕೆಲಸಕ್ಕೆ ಸೇರಿದಳು.

ಆ ಜೂನ್ ರಾತ್ರಿ ಮನೆಗೆ ಓಡಿಬಂದು ಚೀಲ ತೆರೆದರೆ ಟಿಫಿನ್ ಡಬ್ಬಿಯ ಕೆಳಗೆ ಅದೇ ಹಾಳೆ. ಸೊನ್ನೆ ಅಳಿಸಿತ್ತು. ಮೂಲೆಯಲ್ಲಿ ಅಮೃತಳ ಕೈಬರಹ. "೧೪ ಅಂದರೆ ಮ."

ಮರುದಿನ ಶಾಲೆಯಲ್ಲಿ ಹಾಜರಿ ಕರೆಯಲು ನಿಂತಳು. "ಹದಿನಾಲ್ಕು ಳಿಂಗ" ಅಂದಳು. ಹುಡುಗರು ಕಿಸಕ್ಕನೆ ನಕ್ಕರು. ಆ ಹುಡುಗನ ಹೆಸರು ಮಾಳಿಂಗ. ಇವಳ ಕಣ್ಣಿಗೆ ಮ ಇದ್ದಲ್ಲೆಲ್ಲ ಹದಿನಾಲ್ಕು ಅಂತ ಕಾಣುತ್ತಿತ್ತು. ಪುಸ್ತಕದಲ್ಲಿ, ಗೋಡೆಯಲ್ಲಿ, ಬಸ್ಸಿನ ಬೋರ್ಡಿನಲ್ಲಿ.

ಆವತ್ತು ಜನರ ಜೊತೆಯಲ್ಲೇ ಐದರ ಬಸ್ಸಿಗೆ ಬಂದಳು. ಇನ್ನೂ ಬಿಸಿಲಿತ್ತು. ಬಾವಿ ದಾಟುವಾಗ ಕಿವಿಯ ಪಕ್ಕದಲ್ಲೇ... ಫೂ. "ಬಿಡಿಸಿದೇನು?" ಜೊತೆಯವರಿಗೆ ಏನೂ ಕೇಳಿಸಲಿಲ್ಲ. ಇವಳು ಮನಸ್ಸಿನಲ್ಲೇ ಇಲ್ಲ ಅಂದಳು. ಮನೆಗೆ ಬಂದು ನೋಡಿದರೆ ಹಾಳೆಯಲ್ಲಿ ಇನ್ನೊಂದು ಸುಳಿವು. ಬೆಳಗಾದರೆ ರ ಹೋಗಿತ್ತು.

ಹಾಳೆ ಸುಟ್ಟಳು. ಮತ್ತೆ ಬಂತು. ಊರು ಬಿಟ್ಟು ಆಳಂದದಲ್ಲಿ ನಾಲ್ಕು ದಿನ ಇದ್ದಳು. ರಾತ್ರಿ ಬಾಡಿಗೆ ಮನೆಯ ಬಚ್ಚಲಿನಿಂದ ರಬ್ಬರ್ ಉಜ್ಜುವ ಸಪ್ಪಳ ಬಂತು. ಪ್ರತಿ ಸಲ ಅದೇ ಪ್ರಶ್ನೆ, ಅದೇ ಇಲ್ಲ, ಒಂದು ಅಕ್ಷರ ಖೋತಾ. ಪಾಠಗಳು ಬಾಯಿಪಾಠ ಇದ್ದವು, ಹುಡುಗರಿಂದ ಓದಿಸಿ ಹೇಗೋ ದಿನ ತಳ್ಳಿದಳು. ಕಲಬುರಗಿಯ ಕಣ್ಣಿನ ಡಾಕ್ಟರು ಎಲ್ಲ ಸರಿ ಇದೆ, ಟೆನ್ಶನ್ ಅಂದರು. ಇವರಿಗೆ ತಿಳಿಯದ್ದಕ್ಕೆಲ್ಲ ಟೆನ್ಶನ್ ಅಂತಲೇ ಹೆಸರು!

ದಸರೆ ಮುಗಿದ ಮೇಲೆ ನಾನೇ ಅವಳನ್ನು ಗಾಣಗಾಪುರಕ್ಕೆ ಕರೆದೊಯ್ದೆ. ಮಧ್ಯಾಹ್ನದ ಆರತಿಗೆ ಗಂಟೆ ಹೊಡೆದಾಗ ಮೈಮೇಲೆ ಬಂದವರೆಲ್ಲ ಕಂಬ ಹಿಡಿದು ಚೀರುತ್ತಿದ್ದರು. ಇವಳು ಸುಮ್ಮನೆ ನಿಂತಿದ್ದಳು. ಪೂಜಾರಿ ಇವಳ ಮುಖ ನೋಡಿ, "ಇಕಿ ಮೈಮ್ಯಾಗ ಏನೂ ಇಲ್ರಿ, ಮನಿಗಿ ಕರ್ಕೊಂಡ್ ಹೋಗ್ರಿ" ಅಂದ.

ಅವತ್ತು ರಾತ್ರಿ ಲಾಡ್ಜಿನಲ್ಲಿ ಎಲ್ಲ ಬಾಯಿಬಿಟ್ಟಳು. ನಾನು ಕಪಾಳಕ್ಕೆ ಬಾರಿಸಿದೆ. ಆಮೇಲೆ ತಬ್ಬಿಕೊಂಡು ಅತ್ತೆ.

"ಬಿಡಿಸೇನಿ ಅಂತ ಒಂದು ಮಾತು ಅನ್ನು ಬೇ. ಮುಗೀತು."

"ಅಂದ್ರ ಭಾಗಮ್ಮತ್ತಿ ಮುಂದ ಹೋಗಿ ಹೇಳಬೇಕಾಗ್ತದಕ್ಕಾ. ನೌಕರಿ ಹೋಗ್ತದ. ಊರಾಗ ಮಾರಿ ಹೆಂಗ ತೋರಸ್ಲಿ?"

"ಅಕ್ಷರ ಎಲ್ಲಾ ಹೋದ ಮ್ಯಾಲ ಯಾವ ನೌಕರಿ ಮಾಡ್ತಿ?"

ಅವಳು ಬೆರಳು ಮಡಿಸಿ ಎಣಿಸಿದಳು. "ಇನ್ನ ಹತ್ತು ಉಳದಾವ..." ಅಂದಳು. ಹುಚ್ಚಿ! ಆಸೆ ಅನ್ನುವುದು ಹೀಗೆ ಮನುಷ್ಯರನ್ನು ತಿನ್ನುತ್ತದೆ.

ಆ ಹತ್ತೂ ಹೋಗಲು ದೀಪಾವಳಿ ತನಕವೂ ಬೇಕಾಗಲಿಲ್ಲ. ಒಂದು ಸಂಜೆ ಬಸ್ಸಿನ ಬೋರ್ಡು ಓದಲಾಗದೆ ಅಫಜಲಪುರದ ಬಸ್ಸು ಹತ್ತಿ, ಅಲ್ಲಿರುವ ನನ್ನ ಗಂಡನ ಮನೆಯ ಬಾಗಿಲಿಗೆ ಬಂದು ನಿಂತಳು. ಎಲ್ಲ ಬೋರ್ಡಿನಲ್ಲೂ ಬರೀ ಅಂಕಿ ಕಾಣಾಕತ್ತಾವ ಅಕ್ಕಾ ಅಂತ ಅತ್ತಳು. ನಾನು ಅವಳ ರಟ್ಟೆ ಹಿಡಿದು ಮರುದಿನ ಊರಿಗೆ ಕರೆತಂದೆ. ಫಾಟಾದಲ್ಲಿ ಇಳಿದಾಗ ಕತ್ತಲಾಗಿತ್ತು.

ಇನ್ನು ಮುಂದೆ ನಾನು ಕೇಳಿದ್ದು ಹೇಳುವುದಿಲ್ಲ, ನನಗಾದದ್ದೇ ಹೇಳುತ್ತೇನೆ. ಬಾವಿ ಹತ್ತಿರ ಬಂದಾಗ ಗುಸು ಗುಸು ಅಂತ ಉಜ್ಜುವ ಸಪ್ಪಳ ನನ್ನ ಕಿವಿಗೂ ಬಿತ್ತು. ಆಮೇಲೆ... ಫೂ. ನನ್ನ ಕೈಮೇಲೆ ಸಣ್ಣ ಪುಡಿ ಬಿದ್ದ ಹಾಗಾಯಿತು.

"ಬಿಡಿಸೇನಿ!" ಅಂತ ಅನುರಾಧಾ ಚೀರಿದಳು. "ಅವತ್ತೇ ಬಿಡಿಸಿದ್ದೆ... ಅಮೃತಾ, ಅವತ್ತೇ ಬಿಡಿಸಿದ್ದೆ!"

ಆಮೇಲೆ ಕಲ್ಲಿನ ಮೇಲೆ ಪೆನ್ಸಿಲ್ ಇಟ್ಟ ಸಪ್ಪಳ... ಟಕ್.

"ಅವ್ವನ ಮುಂದ ಓದು."

ಅದೇ ಹೆಜ್ಜೆಯಲ್ಲಿ ಭಾಗಮ್ಮನ ಮನೆಗೆ ಹೋದೆವು. ಕಲ್ಯಾಣಪ್ಪ ಪಡಸಾಲೆಯಲ್ಲಿದ್ದ. ನಮ್ಮ ಮುಖ ನೋಡಿ ಎದ್ದು ಹೊರಗೆ ಹೋದ. ಅನುರಾಧಾ ಹಾಳೆಯಲ್ಲಿದ್ದುದನ್ನು ಒಂದೂ ಬಿಡದೆ ಹೇಳಿದಳು. ಚೀಲವನ್ನು ಮಂಚದ ಕೆಳಗೆ ತಳ್ಳಿದ್ದನ್ನೂ ಹೇಳಿದಳು. ಅನುರಾಧಾ ಕಾಲು ಹಿಡಿಯಲು ಬಗ್ಗಿದಾಗ ಭಾಗಮ್ಮ ಕಾಲು ಹಿಂದೆ ಎಳೆದುಕೊಂಡಳು.

"ತಪ್ಪಾತು ಅತ್ತಿ..."

"ಕಾಲ್ ಬ್ಯಾಡ" ಅಂದಳು ಭಾಗಮ್ಮ. ಎದ್ದು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದಳು. "ಮಣ್ಣು ಮಾಡಿ ಬಂದ ದಿನ ಅಕಿ ಟ್ರಂಕಿನ್ಯಾಗ ಸಿಕ್ಕದ. ಯಾರಿಗೂ ತಿಳೀಲಿಲ್ಲ. ಓದು."

ನಾನು ಇಣುಕಿ ನೋಡಿದೆ. ಮೊದಲಿಂದ ಕಡೇ ತನಕ ಪೆನ್ಸಿಲಿನ ಅಂಕಿಗಳು, ಒಂದೂ ಅಕ್ಷರವಿಲ್ಲ. ಅನುರಾಧಾ ಕೈಗೆ ತೆಗೆದುಕೊಂಡಳು... ಅವಳ ಮುಖ ಬೂದಿಯಂತಾಯಿತು. ಜಗತ್ತಿನ ಅಕ್ಷರವೆಲ್ಲ ಅಂಕಿಯಾಗಿ ಕಾಣುತ್ತಿದ್ದ ಅವಳಿಗೆ, ಆ ಅಂಕಿಗಳು ಮಾತ್ರ ಅಚ್ಚ ಕನ್ನಡವಾಗಿ ಕಾಣುತ್ತಿದ್ದವು. ಓದಿದಳು.

"ಗುರುವಾರ. ಬಾವಿ ಕಟ್ಟೆ ಮೇಲೆ ಕೂತಿದ್ದೇನೆ. ಒಂಬತ್ತು ಗಂಟೆ. ಅನು ಬರುತ್ತಾಳೆ... ಈಗ ಚಳಿ ಹತ್ತಿತು. ಅನು ಬರುತ್ತಾಳೆ... ಒಂಬತ್ತಾಗಿ ಒಂದು ನಿಮಿಷ. ಅನು ಬಂದಿಲ್ಲ..."

ಬಾವಿಕಟ್ಟೆಯ ಮೇಲೆ ಕೂತು ಬರೆದದ್ದು ಮನೆಯ ಟ್ರಂಕಿಗೆ ಹೇಗೆ ಬಂತು? ನನ್ನನ್ನು ಕೇಳಬೇಡ್ರಿ.

ಒಂದು ತಾಸು ಓದಿ ನೋಟ್‌ಬುಕ್ ಕೆಳಗಿಟ್ಟಳು. "ಸಾಕು ಮಾಡ್ರಿ ಅತ್ತಿ" ಅಂತ ಬೇಡಿಕೊಂಡಳು.

"ನನ್ನ ಮಗಳು ಅಲ್ಲೇ ಕುಂತಾಳ, ಸಾಕು ಅಂದ್ರ ಹೆಂಗ?" ಅಂದಳು ಭಾಗಮ್ಮ. "ಮುಂದಿನ ಗುರುವಾರ ಬಾ. ಪೂರಾ ಓದಿ ಮುಗ್ಸು. ಆಮ್ಯಾಲ ನೋಡೂಣು, ಮಾಫ್ ಮಾಡೂದೋ ಬಿಡೂದೋ."

ಆ ನೌಕರಿ ಹೋಯಿತು. ಹೋಗಲೇಬೇಕಿತ್ತು. ಅನುರಾಧಾ ಈಗ ಅವರಿವರ ಹೊಲದಲ್ಲಿ ಕಳೆ ತೆಗೆಯುತ್ತಾಳೆ. ಗುರುವಾರ ಮಾತ್ರ ಕೈಕಾಲು ತೊಳೆದುಕೊಂಡು ಭಾಗಮ್ಮನ ಮನೆಗೆ ಹೋಗಿ ಕೂರುತ್ತಾಳೆ. ವಾರಕ್ಕೆ ಹತ್ತು ಪುಟ. ಎರಡು ವರ್ಷವಾಯಿತು, ಒಂದು ಗುರುವಾರವೂ ತಪ್ಪಿಸಿಲ್ಲ.

ಸುಳ್ಳು ಅನ್ನುವವರು ನನ್ನ ಜೊತೆ ಊರಿಗೆ ಬರ್ರಿ, ತೋರಿಸುತ್ತೇನೆ. ಅದು ನೂರು ಪುಟದ ನೋಟ್‌ಬುಕ್. ಹೆಬ್ಬೆರಳಿಗೆ ಉಗುಳು ಹಚ್ಚಿ ನಾನೇ ಎರಡು ಸಲ ಎಣಿಸಿದ್ದೇನೆ, ನೂರೇ. ಮೊನ್ನೆ ಗುರುವಾರ ನಾನೂ ಅವಳ ಪಕ್ಕದಲ್ಲಿ ಕೂತಿದ್ದೆ. ಹತ್ತು ಪುಟ ಓದಿ ಮುಚ್ಚಿದಳು. ಅದರಲ್ಲಿ ಗಂಟೆ ಇನ್ನೂ ಒಂಬತ್ತೂ ಇಪ್ಪತ್ತು.